ಮಕ್ಕಳಾದ್ಮೇಲೆ ಮೈಯಲ್ಲಿ ಕೊಬ್ಬು ಎಷ್ಟಿದ್ರೆ ಸರಿ, ಅಳೆಯೋದು ಯಾವುದ್ರಲ್ಲಿ, ಇಳಿಸೋಕೆ ಯಾವ ದಾರಿ: ತುಮಕೂರಿನ ಅಮ್ಮಂದಿರಿಗೊಂದು ಹೋಲಿಕೆ

ಬಾಣಂತನ ಮುಗಿಸ್ಕೊಂಡು ತವರಿಂದ ವಾಪಸ್ ಬಂದ ಹೆಣ್ಮಕ್ಳ ಹತ್ರ ಮಾತಾಡಿದ್ರೆ ಎಲ್ರೂ ಕೆಜಿ ಲೆಕ್ಕದಲ್ಲೇ ಮಾತಾಡ್ತಾರೆ, ಮದ್ವೆ ಟೈಮಲ್ಲಿ 52 ಇದ್ದೆ ಈಗ 66 ಆಗಿದೀನಿ, ಹೆಂಗಾದ್ರೂ ಮಾಡಿ 52ಕ್ಕೆ ಬರ್ಬೇಕು ಅಂತ. ಆ 52ನ ಸ್ವಲ್ಪ ದಿನ ಪಕ್ಕಕ್ಕಿಡಿ ಅಂತ ಕೇಳ್ಕೊಳ್ಳೋಕೇ ನಾನಿದನ್ನ ಬರೀತಿರೋದು, ಯಾಕಂದ್ರೆ ತೂಕದ ಮಷಿನ್‌ಗೆ ಕೊಬ್ಬು ಯಾವುದು ಸ್ನಾಯು ಯಾವುದು ಅಂತ ಗೊತ್ತಾಗಲ್ಲ, ಹೆರಿಗೆ ಆದೋರಿಗೆ ಆ ವ್ಯತ್ಯಾಸನೇ ಮುಖ್ಯ.

ಒಂದು ಲೆಕ್ಕ ಹಾಕೋಣ. ಒಬ್ರು 64 ಕೆಜಿ ಇದಾರೆ, ಮೈಯಲ್ಲಿ ಕೊಬ್ಬು 36 ಪರ್ಸೆಂಟ್ ಅಂದ್ಕೊಳ್ಳಿ, ಅಂದ್ರೆ 23 ಕೆಜಿ ಕೊಬ್ಬು, ಮಿಕ್ಕಿದ್ದು 41 ಕೆಜಿ ಸ್ನಾಯು, ಮೂಳೆ, ರಕ್ತ, ನೀರು ಎಲ್ಲಾ ಸೇರಿ. ಇವ್ರು ಸರಿಯಾಗಿ ತಿಂದು, ಸ್ವಲ್ಪ ತೂಕ ಎತ್ತೋ ವ್ಯಾಯಾಮ ಮಾಡ್ಕೊಂಡು, ನಿಧಾನಕ್ಕೆ ಬರೀ ಕೊಬ್ಬು ಮಾತ್ರ ಇಳಿಸಿ 58ವರೆ ಕೆಜಿಗೆ ಬಂದ್ರೆ ಕೊಬ್ಬು 30 ಪರ್ಸೆಂಟ್‌ಗೆ ಬಂತು. ಅದೇ ಇವ್ರು ರಾತ್ರಿ ಊಟ ಬಿಟ್ಟು, ಬರೀ ಸೌತೆಕಾಯಿ ತಿಂದು, ಗಡಿಬಿಡೀಲಿ 8 ಕೆಜಿ ಇಳಿಸಿದ್ರು, ಅದ್ರಲ್ಲಿ 3 ಕೆಜಿ ಸ್ನಾಯುನೇ ಹೋಯ್ತು ಅಂದ್ಕೊಳ್ಳಿ, ಆಗ ತೂಕ 56 ಆಯ್ತು, ನೋಡೋರೆಲ್ಲ ಸಣ್ಣ ಆಗಿದೀಯ ಅಂತಾರೆ, ಆದ್ರೆ ಕೊಬ್ಬು 32 ಪರ್ಸೆಂಟ್. ತೂಕ ಕಮ್ಮಿ ಇರೋರ ಮೈಯಲ್ಲೇ ಕೊಬ್ಬಿನ ಪಾಲು ಜಾಸ್ತಿ. ಮಗು ಎತ್ಕೊಂಡ್ರೆ ಬೆನ್ನು ನೋಯೋದು, ಮೆಟ್ಲು ಹತ್ತಿದ್ರೆ ಸುಸ್ತಾಗೋದು ಎಲ್ಲಾ ಇವ್ರಿಗೇ ಹೆಚ್ಚು.

ಎಷ್ಟಿದ್ರೆ ಸರಿ

ಹೆಂಗಸಿನ ಮೈಯಲ್ಲಿ ಕೊಬ್ಬು ಇರ್ಲೇಬೇಕು, ಹಾರ್ಮೋನು, ಮುಟ್ಟು, ಗರ್ಭ, ಹಾಲು ಎಲ್ಲದಕ್ಕೂ ಅದು ಬೇಕು. ಜಿಮ್‌ಗಳಲ್ಲಿ ಗೋಡೆಗೆ ಹಾಕಿರೋ ಚಾರ್ಟ್ ಸಾಮಾನ್ಯವಾಗಿ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್‌ನವ್ರದ್ದು. ಅದ್ರ ಪ್ರಕಾರ ಹೆಂಗಸರಿಗೆ 10ರಿಂದ 13 ಪರ್ಸೆಂಟ್ ಜೀವಕ್ಕೇ ಬೇಕಾದ ಕೊಬ್ಬು, 14ರಿಂದ 20 ಕ್ರೀಡಾಪಟುಗಳದ್ದು, 21ರಿಂದ 24 ಫಿಟ್ ಇರೋರದ್ದು, 25ರಿಂದ 31 ಸಾಧಾರಣ, 32 ದಾಟಿದ್ರೆ ಬೊಜ್ಜು. ಗಂಡಸರಿಗೆ ಇದೆಲ್ಲಾ ಕೆಳಗೆ ಬರುತ್ತೆ, 2ರಿಂದ 5 ಜೀವಕ್ಕೆ ಬೇಕಾದ್ದು, 14ರಿಂದ 17 ಫಿಟ್, 18ರಿಂದ 24 ಸಾಧಾರಣ, 25 ಮೇಲೆ ಬೊಜ್ಜು.

ಇದ್ರಲ್ಲಿ ಯಾವುದನ್ನ ಗುರಿ ಮಾಡ್ಕೋಬೇಕು ಅಂತ ಕೇಳಿದ್ರೆ, ಮಗುಗೆ ಹಾಲು ಕೊಡ್ತಿರೋರಿಗೆ ನಾನು 25ರಿಂದ 31ರ ಒಳಗೆ ಎಲ್ಲಿದ್ರೂ ಸಾಕು ಅಂತೀನಿ. ಹಾಲು ಬಿಡಿಸಿ, ರಾತ್ರಿ ಸರಿಯಾಗಿ ನಿದ್ದೆ ಸಿಗೋಕೆ ಶುರುವಾದ್ಮೇಲೆ ಆಸೆ ಇದ್ರೆ 21-24ರ ಕಡೆ ಹೋಗ್ಬೋದು, ಹೋಗ್ಲಿಲ್ಲ ಅಂದ್ರೆ ಏನೂ ಕಳ್ಕೊಳ್ಳಲ್ಲ. 20ರ ಕೆಳಗೆ ಹೋಗೋ ಆಸೆ ಬೇಡ. ಆ ಮಟ್ಟದಲ್ಲಿ ತುಂಬಾ ಜನಕ್ಕೆ ಮುಟ್ಟು ಏರುಪೇರಾಗುತ್ತೆ, ಹಾಲು ಕೊಡ್ತಿರೋವಾಗ ಮುಟ್ಟು ಹೆಂಗೂ ನಿಂತಿರ್ಬೋದು, ಹಾಗಾಗಿ ಮೈ ಎಚ್ಚರಿಕೆ ಕೊಟ್ರೂ ನಮ್ಗೆ ಗೊತ್ತಾಗಲ್ಲ.

ಇನ್ನೊಂದು ವಿಷ್ಯ, ನಮ್ ಜನದ ಮೈ ಕಟ್ಟೇ ಬೇರೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತೆ ಇಂಗ್ಲೆಂಡಿನ ಡಾಕ್ಟರ್ ಯುಡ್‌ಕಿನ್ ತಮ್ಮಿಬ್ರ ಫೋಟೋನೇ ಹಾಕಿದ್ರು, ಇಬ್ರದ್ದೂ ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಒಂದೇ, 22.3, ಆದ್ರೆ ಯುಡ್‌ಕಿನ್ ಮೈಯಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ಮೈಯಲ್ಲಿ 21.2. ಅದೇ ಉದ್ದ ತೂಕದ ಲೆಕ್ಕ, ಎರಡು ಪಟ್ಟಿಗಿಂತ ಜಾಸ್ತಿ ಕೊಬ್ಬು. ಕೈಕಾಲು ಸಣ್ಣ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದಿರೋ ಎಷ್ಟೋ ಜನ ನಮ್ ಮನೆಗಳಲ್ಲೇ ಇದಾರಲ್ವಾ, ಅದೇ ಇದು. ಹೊಟ್ಟೆ ಒಳಗೆ ಕರುಳು ಲಿವರ್ ಸುತ್ತ ಕೂರೋ ಕೊಬ್ಬೇ ಶುಗರ್‌ಗೆ ಬಿಪಿಗೆ ದಾರಿ ಮಾಡೋದು, ತೊಡೆ ಹಿಂಭಾಗದಲ್ಲಿ ಇರೋ ಕೊಬ್ಬು ಅಷ್ಟು ಕೆಟ್ಟದ್ದಲ್ಲ. ಹಾಗಾಗಿ ಎಷ್ಟಿದೆ ಅನ್ನೋದ್ರ ಜೊತೆ ಎಲ್ಲಿದೆ ಅನ್ನೋದೂ ನೋಡ್ಲೇಬೇಕು.

ಅಳೆಯೋಕೆ ಯಾವುದು: ತೂಕ, ಟೇಪು, ಜಿಮ್ ಮಷಿನ್ನು, ಸ್ಕ್ಯಾನು

ತೂಕದ ಮಷಿನ್ನು, ಅದ್ರಿಂದ ಬರೋ ಬಿಎಂಐ ಸುಲಭ, ಖರ್ಚಿಲ್ಲ. ನಮ್ ಭಾರತೀಯರಿಗೆ 18ರಿಂದ 22.9 ಸರಿ, 23 ದಾಟಿದ್ರೆ ಹೆಚ್ಚು ತೂಕ, 25 ಆದ್ರೆ ಬೊಜ್ಜು ಅಂತ 2009ರಲ್ಲೇ ನಮ್ ದೇಶದ ತಜ್ಞರು ಸೇರಿ ಗಡಿ ಹಾಕಿದಾರೆ, ಹೊರದೇಶದ 25-30ರ ಗಡಿ ನಮ್ಗೆ ಸರಿಹೋಗಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಎಷ್ಟೋ ಸಲ ಹೊರದೇಶದ ಗಡಿನೇ ಇರುತ್ತೆ, 24.5 ಬಂದು ಹಸಿರು ಬಣ್ಣ ತೋರ್ಸಿದ್ರೆ ಖುಷಿ ಪಡ್ಬೇಡಿ. ಹೆರಿಗೆ ಆಗಿ ಮೊದಲ ಆರು ತಿಂಗ್ಳಲ್ಲಂತೂ ಬಿಎಂಐ ಒಂದನ್ನೇ ನಂಬೋದು ಬೇಡ, ಮೈಯಲ್ಲಿ ನೀರು, ಎದೇಲಿ ಹಾಲು, ಎಲ್ಲಾ ತೂಕದಲ್ಲಿ ಸೇರಿರುತ್ತೆ.

ಟೇಪು. ಟೈಲರ್ ಇಟ್ಕೊಳ್ಳೋ ಸಾದಾ ಟೇಪು, ಇದೇ ನನ್ನ ಆಯ್ಕೆ, ಬಾಕಿ ಎಲ್ಲದಕ್ಕಿಂತ ಮೇಲೆ ಇದನ್ನೇ ಇಡ್ತೀನಿ. ಬೆಳಗ್ಗೆ ಖಾಲಿ ಹೊಟ್ಟೇಲಿ, ಪಕ್ಕೆಲುಬಿನ ಕೊನೆ ಮತ್ತೆ ಸೊಂಟದ ಮೂಳೆ ಮೇಲ್ತುದಿ ಇವೆರಡ್ರ ಮಧ್ಯೆ ಟೇಪ್ ಸುತ್ತಿ, ಹೊಟ್ಟೆ ಒಳಗೆ ಎಳ್ಕೋಬೇಡಿ, ಉಸಿರು ಸುಮ್ನೆ ಹೊರಗೆ ಬಿಟ್ಟಾಗ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟ್ಬಾರ್ದು. ಇನ್ನೂ ಚೆನ್ನಾಗಿ ಹೊಂದೋ ಲೆಕ್ಕ ಅಂದ್ರೆ ನಿಮ್ ಎತ್ತರದ ಅರ್ಧಕ್ಕಿಂತ ಸೊಂಟದ ಸುತ್ತಳತೆ ಕಮ್ಮಿ ಇರ್ಬೇಕು. 5 ಅಡಿ ಇರೋರಿಗೆ 76, 5 ಅಡಿ 2 ಇಂಚಿನೋರಿಗೆ 79, 5 ಅಡಿ 4 ಇಂಚಿನೋರಿಗೆ 81. ನಮ್ ಕಡೆ ಕುಳ್ಳಗಿರೋ ಹೆಣ್ಮಕ್ಳು ಜಾಸ್ತಿ, ಅವ್ರಿಗೆ 80ಕ್ಕಿಂತ ಈ ಅರ್ಧದ ಲೆಕ್ಕನೇ ಸರಿಯಾದ ಎಚ್ಚರಿಕೆ ಕೊಡುತ್ತೆ.

ಅದೇ ಟೇಪಲ್ಲಿ ಪರ್ಸೆಂಟೂ ಲೆಕ್ಕ ಹಾಕ್ಬೋದು, ಅಮೆರಿಕದ ನೌಕಾಪಡೆಯೋರು ಹುಟ್ಟುಹಾಕಿದ ವಿಧಾನ ಅದು, ಎತ್ತರ, ಕುತ್ತಿಗೆ, ಸೊಂಟದ ಸಣ್ಣ ಜಾಗ, ಹಿಂಭಾಗದ ದಪ್ಪ ಜಾಗ ಈ ನಾಲ್ಕು ಅಳತೆ ಕೊಟ್ರೆ ಮೊಬೈಲಲ್ಲೇ ಉತ್ತರ ಬರುತ್ತೆ. ಉದಾಹರಣೆಗೆ ಎತ್ತರ 155, ಕುತ್ತಿಗೆ 32, ಸೊಂಟ 82, ಹಿಂಭಾಗ 98 ಇದ್ರೆ ಸುಮಾರು 35 ಪರ್ಸೆಂಟ್. ಅವ್ರೇ ಸೊಂಟ 76, ಹಿಂಭಾಗ 95, ಕುತ್ತಿಗೆ 31ಕ್ಕೆ ಬಂದ್ರೆ ಸುಮಾರು 31. ಮೂರ್ನಾಲ್ಕು ಪರ್ಸೆಂಟ್ ಆಚೆ ಈಚೆ ಆಗ್ಬೋದು, ಆದ್ರೆ ಇಳೀತಿದೆಯಾ ಏರ್ತಿದೆಯಾ ಅನ್ನೋದನ್ನ ಚೆನ್ನಾಗಿ ತೋರ್ಸುತ್ತೆ. ಒಂದೇ ಮಿತಿ ಏನಂದ್ರೆ ಹೆರಿಗೆ ಆದ್ಮೇಲೆ ಗರ್ಭಕೋಶ ಹಳೇ ಸೈಜಿಗೆ ಬರೋಕೆ ಸುಮಾರು ಆರು ವಾರ ಬೇಕು, ಅಲ್ಲೀವರೆಗೂ ಸೊಂಟ ಅಳೆದು ಬೇಜಾರು ಮಾಡ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ.

ಜಿಮ್‌ನಲ್ಲಿ ನಿಂತ್ಕೊಂಡು ಹಿಡಿ ಹಿಡ್ಕೊಳ್ಳೋ ಮಷಿನ್ನು, ಮನೆಗೆ ಆನ್‌ಲೈನಲ್ಲಿ ತರಿಸೋ ಸ್ಮಾರ್ಟ್ ಸ್ಕೇಲು, ಎರಡೂ ಮೈಯೊಳಗೆ ನಮ್ಗೆ ಗೊತ್ತಾಗದಷ್ಟು ಸಣ್ಣ ಕರೆಂಟ್ ಹರಿಸಿ ಕೊಬ್ಬನ್ನ ಅಂದಾಜು ಮಾಡೋವು, ನೀರಿರೋ ಕಡೆ ಕರೆಂಟ್ ಸಲೀಸಾಗಿ ಹೋಗುತ್ತೆ, ಕೊಬ್ಬಲ್ಲಿ ಹೋಗಲ್ಲ. ಸಮಸ್ಯೆನೂ ಇಲ್ಲೇ ಇರೋದು. ನೀರು ಕುಡಿದ್ರೆ ಒಂದು ನಂಬರ್, ಬೆವರಿದ್ರೆ ಒಂದು ನಂಬರ್, ಮುಟ್ಟಿನ ಟೈಮಲ್ಲಿ ಇನ್ನೊಂದು. ಹಾಲು ಕೊಡೋರ ಮೈಯಲ್ಲಿ ನೀರು ದಿನಕ್ಕೆ ಹತ್ತು ಸಲ ಏರಿಳಿಯುತ್ತೆ ಅಂದ್ಮೇಲೆ ಕೇಳ್ಬೇಕಾ. ಕಾಲಲ್ಲಿ ಮಾತ್ರ ನಿಲ್ಲೋ ಸ್ಕೇಲಲ್ಲಿ ಕರೆಂಟ್ ಹೆಚ್ಚಾಗಿ ಕಾಲುಗಳಲ್ಲೇ ಹೋಗಿ ಬರುತ್ತೆ, ಹೊಟ್ಟೆ ಲೆಕ್ಕ ಅಂದಾಜಷ್ಟೇ, ಕೈ ಕಾಲು ಎರಡೂ ಮುಟ್ಟೋ ಮಷಿನ್ ಅದಕ್ಕಿಂತ ವಾಸಿ. ಇದನ್ನ ಬಳಸೋದಾದ್ರೆ ಯಾವಾಗ್ಲೂ ಅದೇ ಮಷಿನ್ನು, ಅದೇ ಬೆಳಗಿನ ಹೊತ್ತು, ಊಟಕ್ಕೆ ಮುಂಚೆ. ಗರ್ಭಿಣಿಯರು, ಪೇಸ್‌ಮೇಕರ್ ಇರೋರು ಹತ್ಬಾರ್ದು. ಕೆಲವು ಜಿಮ್‌ಗಳಲ್ಲಿ ಮೊದಲನೇ ದಿನ ಸಂಜೆ ಊಟ ಆದ್ಮೇಲೆ ಅಳೆದು, ಒಂದು ತಿಂಗ್ಳು ಬಿಟ್ಟು ಬೆಳಗ್ಗೆ ಅಳೆದು ನೋಡಿ ಇಷ್ಟು ಇಳೀತು ಅಂತ ತೋರಿಸ್ತಾರೆ, ಅದಕ್ಕೆ ಬೆಲೆ ಕೊಡ್ಬೇಡಿ.

ಚರ್ಮ ಚಿವುಟಿ ಅಳೆಯೋ ಕ್ಯಾಲಿಪರ್ ಪೂರ್ತಿ ಅಳೆಯೋರ ಕೈ ಮೇಲೆ ನಿಂತಿದೆ, ಹೆರಿಗೆ ಆಗಿ ಹೊಟ್ಟೆ ಚರ್ಮ ಸಡಿಲ ಇರೋವಾಗ ಇನ್ನೂ ಕಷ್ಟ, ಬೇಡ. ಡೆಕ್ಸಾ ಸ್ಕ್ಯಾನ್ ಇವೆಲ್ಲಕ್ಕಿಂತ ನಿಖರ, ಕಡಿಮೆ ಪ್ರಮಾಣದ ಎಕ್ಸ್‌ರೇಲಿ ಕೊಬ್ಬು, ಸ್ನಾಯು, ಮೂಳೆ ಬೇರೆ ಬೇರೆ ತೋರ್ಸುತ್ತೆ. ಅದಕ್ಕಾಗಿ ಬೆಂಗಳೂರಿಗೆ ಹೋಗೋರು ಮುಂಚೆನೇ ಫೋನ್ ಮಾಡಿ ಬಾಡಿ ಕಾಂಪೊಸಿಷನ್ ಮಾಡ್ತೀರಾ ಅಂತ ಕೇಳಿ, ಎಷ್ಟೋ ಕಡೆ ಮೂಳೆ ಸಾಂದ್ರತೆಗೆ ಬರೀ ಸೊಂಟ ಬೆನ್ನಿನ ಸ್ಕ್ಯಾನ್ ಮಾತ್ರ ಮಾಡ್ತಾರೆ, ಅದ್ರಲ್ಲಿ ಮೈ ಕೊಬ್ಬಿನ ಲೆಕ್ಕ ಬರಲ್ಲ. ಮತ್ತೆ ಗರ್ಭ ಇರೋ ಸಾಧ್ಯತೆ ಇದ್ರೆ ಮಾಡಿಸ್ಬಾರ್ದು. ನನ್ನ ಕೇಳಿದ್ರೆ ಸಾಮಾನ್ಯ ಅಮ್ಮಂದಿರಿಗೆ ಇದ್ರ ಅಗತ್ಯ ಇಲ್ಲ, ಆ ದುಡ್ಡಲ್ಲಿ ಒಬ್ಬ ಒಳ್ಳೇ ಫಿಸಿಯೋಥೆರಪಿಸ್ಟ್ ಹತ್ರ ಎರಡು ಸಲ ಹೋಗ್ಬನ್ನಿ.

ಶುರು ಮಾಡೋ ಮುಂಚೆ ನೋಡ್ಕೋಬೇಕಾದ್ದು

ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ, ದಯವಿಟ್ಟು. ಗರ್ಭದಲ್ಲಿ ಮಗು ಬೆಳೆಯೋವಾಗ ಹೊಟ್ಟೆ ಮುಂದಿನ ಎರಡು ಸ್ನಾಯು ಪಟ್ಟಿ ಮಧ್ಯದಲ್ಲಿ ಬಿಡಿಸ್ಕೊಳ್ಳುತ್ತೆ, ಹೆರಿಗೆ ಆದ್ಮೇಲೆ ತುಂಬಾ ಜನಕ್ಕೆ ತಾನಾಗೇ ಕೂಡುತ್ತೆ, ಕೆಲವ್ರಿಗೆ ಕೂಡಲ್ಲ. ಆಗ ಮೈಯಲ್ಲಿ ಕೊಬ್ಬು ಕಮ್ಮಿ ಇದ್ರೂ ಹೊಟ್ಟೆ ಐದು ತಿಂಗ್ಳ ಬಸುರಿ ಥರ ಕಾಣುತ್ತೆ, ಅದನ್ನ ಬೊಜ್ಜು ಅಂದ್ಕೊಂಡು ಉಪವಾಸ ಮಾಡ್ತಾರೆ, ಅಥ್ವಾ ದಿನಾ ಐವತ್ತು ಕ್ರಂಚಸ್ (ಮಲಗಿ ತಲೆ ಎದೆ ಮೇಲೆತ್ತೋ ವ್ಯಾಯಾಮ) ಹೊಡೀತಾರೆ, ಕ್ರಂಚಸ್‌ನಿಂದ ಆ ಬಿರುಕಿನ ಮೇಲೆ ಒತ್ತಡ ಬಿದ್ದು ಹೊಟ್ಟೆ ಗುಡ್ಡದ ಥರ ಉಬ್ಬುತ್ತೆ. ಮನೇಲೇ ಪರೀಕ್ಷೆ ಮಾಡ್ಕೋಬೋದು: ಅಂಗಾತ ಮಲಗಿ ಮಂಡಿ ಮಡಚಿ, ಹೊಕ್ಕುಳ ಹತ್ರ ಬೆರಳು ಇಟ್ಟು ತಲೆ ಸ್ವಲ್ಪ ಎತ್ತಿ, ಎರಡು ಬೆರಳು ಅಥ್ವಾ ಅದಕ್ಕಿಂತ ಜಾಸ್ತಿ ಒಳಗೆ ಹೋದ್ರೆ ಫಿಸಿಯೋಗೆ ತೋರ್ಸಿ.

ಎರಡನೇದು, ಕೆಮ್ಮಿದ್ರೆ ಸೀನಿದ್ರೆ ಒಂದೆರಡು ಹನಿ ಮೂತ್ರ ಹೋಗೋದು. ಮಕ್ಕಳಾದೋರಿಗೆ ಇದೆಲ್ಲಾ ಇದ್ದಿದ್ದೇ ಅಂತ ನಮ್ ಅಮ್ಮಂದಿರು ಅತ್ತೆಯರು ಬಾಯಿ ಬಿಡ್ದೇ ಸಹಿಸ್ಕೊಂಡ್ರು, ನೀವು ಸಹಿಸ್ಬೇಡಿ, ಇದಕ್ಕೆ ವ್ಯಾಯಾಮ ಇದೆ. ಮೂತ್ರ ತಡೆಯೋ ಹಾಗೆ ಕೆಳಗಿನ ಸ್ನಾಯುನ ಬಿಗಿ ಹಿಡಿದು ಐದಾರು ಸೆಕೆಂಡ್ ಬಿಟ್ಟು ಸಡಿಲ ಮಾಡೋದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಮಗುಗೆ ಹಾಲು ಕುಡಿಸ್ತಾ ಕೂತಾಗ್ಲೇ ಆಗ್ಹೋಗುತ್ತೆ. ಮೂರು ತಿಂಗ್ಳು ಬಿಡದೇ ಮಾಡ್ಬೇಕು.

ಮೂರನೇದು ರಕ್ತ ಪರೀಕ್ಷೆ. ಹೆರಿಗೆ ಆದ ಒಂದು ವರ್ಷದೊಳಗೆ ಕೆಲವ್ರಿಗೆ ಥೈರಾಯ್ಡ್ ಕೆಡುತ್ತೆ, ಸುಸ್ತು, ಕೂದ್ಲು ಉದ್ರೋದು, ತೂಕ ಇಳಿಯದೇ ಇರೋದು ಎಲ್ಲಾ ಬಾಣಂತನದ ಲೆಕ್ಕಕ್ಕೆ ಹಾಕ್ಬಿಡ್ತೀವಿ, ಟಿಎಸ್‌ಎಚ್ ಒಂದು ಮಾಡಿಸಿ. ಹಿಮೋಗ್ಲೋಬಿನ್ ನೋಡಿಸಿ, ರಕ್ತ ಕಮ್ಮಿ ಇದ್ರೆ ಯಾವ ವ್ಯಾಯಾಮನೂ ಕೈ ಹಿಡಿಯಲ್ಲ. ಬಸುರಲ್ಲಿ ಶುಗರ್ ಬಂದಿದ್ದೋರು ಹೆರಿಗೆ ಆಗಿ 6ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡೋ ಟೆಸ್ಟ್ ಮಾಡಿಸ್ಲೇಬೇಕು, ಅದು ನಾರ್ಮಲ್ ಬಂದ್ರೂ ಒಂದರಿಂದ ಮೂರು ವರ್ಷಕ್ಕೊಂದು ಸಲ. ಇವ್ರಿಗೆ ಮುಂದೆ ಶುಗರ್ ಬರೋ ಸಾಧ್ಯತೆ ಬೇರೆಯವ್ರಿಗಿಂತ ತುಂಬಾ ಜಾಸ್ತಿ, ಹೊಟ್ಟೆ ಕೊಬ್ಬು ಇಳಿಸೋದು ಇವ್ರಿಗೆ ಅಂದಚಂದದ ಮಾತೇ ಅಲ್ಲ.

ವ್ಯಾಯಾಮದಲ್ಲಿ ಯಾವುದು

ವಾಕಿಂಗ್ ಎಲ್ರಿಗೂ ಮೊದಲ್ನೇದು. ಅಮಾನಿಕೆರೆ ಸುತ್ತ ಬೆಳಗ್ಗೆ ಹೋದ್ರೆ ಹೆಂಗಸರ ಗುಂಪು ಗುಂಪೇ ಇರುತ್ತೆ, ಒಬ್ರೇ ಹೋಗೋಕೆ ಅಂಜಿಕೆ ಇರೋರಿಗೆ ಒಳ್ಳೇ ಜಾಗ. ನಾರ್ಮಲ್ ಡೆಲಿವರಿ ಆದೋರು ಮೈ ಒಪ್ಪಿದ್ರೆ ಮೊದಲ ವಾರದಿಂದ್ಲೇ ಮನೆಯೊಳಗೆ ಓಡಾಡೋಕೆ ಶುರು ಮಾಡ್ಬೋದು, ಆಪರೇಷನ್ ಆದೋರೂ ನಿಧಾನಕ್ಕೆ ಎದ್ದು ಓಡಾಡ್ಬೇಕು, ಮೂರು ತಿಂಗ್ಳು ಮಂಚ ಬಿಟ್ಟು ಇಳೀಬಾರ್ದು ಅನ್ನೋದು ತಪ್ಪು, ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಮಲಗೇ ಇರೋರಿಗೇ ಜಾಸ್ತಿ. ಒಂದು ಕಾಲು ಮಾತ್ರ ಊದ್ಕೊಂಡು ನೋವು ಬಂದ್ರೆ ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಬಾಣಂತಿಯರಿಗೂ ಹೇಳಿರೋದು ವಾರಕ್ಕೆ 150 ನಿಮಿಷ, ದಿನಾ ಅರ್ಧ ಗಂಟೆ ಥರ ಐದು ದಿನ, ಅದನ್ನೂ ಹದಿನೈದು ಹದಿನೈದು ನಿಮಿಷ ಮುರೀಬೋದು.

ಆದ್ರೆ ವಾಕಿಂಗ್ ಒಂದ್ರಿಂದ್ಲೇ ಕೊಬ್ಬು ಕರಗುತ್ತೆ ಅಂತ ನಂಬ್ಕೊಂಡಿರೋರೇ ಹೆಚ್ಚು. 60 ಕೆಜಿ ಇರೋರು ಅರ್ಧ ಗಂಟೆ ಸಾಧಾರಣ ವೇಗದಲ್ಲಿ ನಡೆದ್ರೆ ಖರ್ಚಾಗೋದು ಸುಮಾರು 105 ಕ್ಯಾಲೊರಿ, ಒಂದು ಕೆಜಿ ಕೊಬ್ಬಲ್ಲಿ ಇರೋದು ಸುಮಾರು 7700. ವಾಕಿಂಗ್ ಮುಗಿಸಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಜೊತೆ ಒಂದು ವಡೆ ತಿಂದ್ರೆ ಆ ವಡೆಗೇ ಲೆಕ್ಕ ಮುಗೀತು. ಹೃದಯಕ್ಕೆ, ಮನಸ್ಸಿಗೆ, ನಿದ್ದೆಗೆ ವಾಕಿಂಗ್ ಬೇಕೇ ಬೇಕು, ಸ್ನಾಯು ಉಳಿಸೋ ಕೆಲ್ಸ ಅದ್ರ ಕೈಲಿ ಆಗಲ್ಲ.

ಆ ಕೆಲ್ಸಕ್ಕೆ ತೂಕ ಎತ್ತೋ ವ್ಯಾಯಾಮನೇ ಬೇಕು, ಇದಕ್ಕೆ ಜಿಮ್ಮು ಅಥ್ವಾ ಮನೆ. ಜಿಮ್ಮಲ್ಲಿ ತೂಕ ಹಂತ ಹಂತವಾಗಿ ಹೆಚ್ಚಿಸ್ಬೋದು, ಹೇಳ್ಕೊಡೋರು ಇರ್ತಾರೆ, ಫೀಸು ಕಟ್ಟಿದೀವಿ ಅಂತಾದ್ರೂ ಹೋಗ್ತೀವಿ. ಆದ್ರೆ ಆ ಒಂದೂವರೆ ಗಂಟೆ ಮಗು ಯಾರು ನೋಡ್ಕೋತಾರೆ ಅನ್ನೋದೇ ಪ್ರಶ್ನೆ, ಅತ್ತೆ ಅಥ್ವಾ ಅಮ್ಮ ಜೊತೇಲಿಲ್ದಿದ್ರೆ ಜಿಮ್ ಕಾರ್ಡ್ ಎರಡೇ ವಾರಕ್ಕೆ ಮೂಲೆ ಸೇರುತ್ತೆ. ಟ್ರೇನರ್‌ಗೆ ಹೋಗ್ತಿದ್ದಂಗೇ ಹೇಳಿ, ಸಿಸೇರಿಯನ್ ಆಗಿದೆ ಇಷ್ಟು ತಿಂಗ್ಳಾಗಿದೆ ಅಂತ. ಅದನ್ನ ಕೇಳಿಯೂ ಮೊದಲ ದಿನವೇ ಸಿಟ್ ಅಪ್ಸು, ಹಾರೋದು, ಹಗ್ಗದಾಟ ಮಾಡ್ಸಿದ್ರೆ ಆ ಜಿಮ್ ಬೇಡ. ಹೊಟ್ಟೆ ಬಿರುಕು ಇದೆಯಾ, ಮೂತ್ರ ಸೋರುತ್ತಾ ಅಂತ ತಾನಾಗೇ ಕೇಳೋ ಟ್ರೇನರ್ ಸಿಕ್ಕಿದ್ರೆ ಸ್ವಲ್ಪ ದೂರ ಆದ್ರೂ ಅಲ್ಲಿಗೇ ಸೇರ್ಕೊಳ್ಳಿ.

ಮನೆ ವ್ಯಾಯಾಮ ಚಿಕ್ಕ ಮಗು ಇರೋ ಹೆಚ್ಚಿನವ್ರಿಗೆ ನಾನು ಹೇಳೋ ಆಯ್ಕೆ. ಕುರ್ಚಿ ಮೇಲೆ ಕೂತು ಏಳೋದು, ಗೋಡೆಗೆ ಕೈ ಕೊಟ್ಟು ಪುಶ್ ಅಪ್, ಮಲಗಿ ಮಂಡಿ ಮಡಚಿ ಸೊಂಟ ಎತ್ತೋದು, ಒಂದು ರಬ್ಬರ್ ಬ್ಯಾಂಡ್ ಕಿಟಕಿ ಸರಳಿಗೆ ಸಿಕ್ಕಿಸಿ ಎದೆ ಕಡೆ ಎಳ್ಕೊಳ್ಳೋದು, ಎರಡು ಕೈಯಲ್ಲಿ ನೀರು ತುಂಬಿದ ಬಾಟಲ್ ಹಿಡ್ಕೊಂಡು ನಡೆಯೋದು. ಒಂದೊಂದು ಹತ್ತು ಹನ್ನೆರಡು ಸಲ, ಮೂರು ಸುತ್ತು, ಮಗು ಮಲಗಿದ್ದಾಗ ಇಪ್ಪತ್ತೈದು ನಿಮಿಷ, ವಾರಕ್ಕೆ ಎರಡು ಮೂರು ದಿನ. ಮುಖ್ಯ ಏನಂದ್ರೆ ಎರಡು ವಾರಕ್ಕೊಂದ್ಸಲ ಸ್ವಲ್ಪ ಕಷ್ಟ ಹೆಚ್ಚಿಸ್ಬೇಕು, ಒಂದು ಲೀಟರ್ ಬಾಟಲ್ ಇದ್ದಿದ್ದು ಎರಡು ಲೀಟರ್, ಗೋಡೆ ಇದ್ದಿದ್ದು ಮಂಚದ ಅಂಚು. ಹೆಚ್ಚಿಸ್ಲಿಲ್ಲ ಅಂದ್ರೆ ಮೈ ಅಲ್ಲಿಗೇ ನಿಂತ್ಬಿಡುತ್ತೆ. ನಾರ್ಮಲ್ ಆದೋರು ಆರು ವಾರದ ಚೆಕಪ್ ಆದ್ಮೇಲೆ, ಆಪರೇಷನ್ ಆದೋರು ಎಂಟರಿಂದ ಹತ್ತು ವಾರ ಕಳೆದು ಡಾಕ್ಟರ್ ಹೂಂ ಅಂದ್ಮೇಲೆ ಶುರು ಮಾಡಿ.

ಯೋಗ ಒಳ್ಳೇದು, ಬೆನ್ನು ಕುತ್ತಿಗೆ ನೋವಿಗೆ, ಉಸಿರಿಗೆ, ರಾತ್ರಿ ನಿದ್ದೆಗೆಟ್ಟ ತಲೆಗೆ ತುಂಬಾ ಒಳ್ಳೇದು. ಆದ್ರೆ ಕಪಾಲಭಾತಿ, ನೌಕಾಸನ ಇವುಗಳಿಂದ ಹೊಟ್ಟೆ ಮೇಲೆ ಒತ್ತಡ ಬೀಳುತ್ತೆ, ಬಿರುಕು ಕೂಡೋವರೆಗೂ ಬೇಡ. ಯೋಗದ ಜೊತೆ ವಾರಕ್ಕೆರಡು ದಿನ ಮೇಲೆ ಹೇಳಿದ ಬಾಟಲ್ ವ್ಯಾಯಾಮ ಸೇರಿಸ್ಕೊಂಡ್ರೆ ಚೆನ್ನಾಗಿ ಹೊಂದುತ್ತೆ. ಜುಂಬಾ, ಓಟ, ಸ್ಕಿಪ್ಪಿಂಗ್ ಕನಿಷ್ಠ 12 ವಾರ ಆಗೋವರೆಗೂ ಮುಟ್ಬೇಡಿ, ಆಮೇಲೂ ಹಾರಿದಾಗ ಮೂತ್ರ ಸೋರಿದ್ರೆ ಅಥ್ವಾ ಕೆಳಗೆ ಭಾರ ಎಳ್ದಂಗೆ ಆದ್ರೆ ನಿಲ್ಸಿ. ದೇವರಾಯನದುರ್ಗದಲ್ಲಿ ಮೇಲಿನ ಯೋಗನರಸಿಂಹನ ಗುಡಿಗೆ ಮೆಟ್ಲು ಹತ್ತೋದು, ಸಿದ್ಧಗಂಗೆ ಬೆಟ್ಟದ ಮೆಟ್ಲು, ಇವೆಲ್ಲಾ ತೊಡೆಗೆ ಹೃದಯಕ್ಕೆ ಬಲೇ ಒಳ್ಳೇ ವ್ಯಾಯಾಮ, ಆರು ತಿಂಗ್ಳಾದ್ಮೇಲೆ ಭಾನುವಾರ ಮನೆಯವ್ರೆಲ್ಲಾ ಸೇರಿ ಹೋಗಿ, ಇಳಿಯೋವಾಗ ನಿಧಾನ, ಮಂಡಿ ಮೇಲೆ ಭಾರ ಬೀಳೋದು ಇಳಿಯೋವಾಗ್ಲೇ.

ಊಟದಲ್ಲಿ ಮುದ್ದೆನಾ, ಚಪಾತಿನಾ, ಉಪವಾಸನಾ

ಮುದ್ದೆ ಬಿಟ್ಟು ಚಪಾತಿ ಶುರು ಮಾಡ್ದೆ ಸಣ್ಣ ಆಗೋಕೆ ಅಂತ ಹೇಳೋರು ತುಂಬಾ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ ಪ್ರಕಾರ 100 ಗ್ರಾಂ ರಾಗೀಲೂ ಸುಮಾರು 320 ಕ್ಯಾಲೊರಿ, ಗೋಧಿ ಹಿಟ್ಟಲ್ಲೂ 320, ಅಕ್ಕೀಲಿ 356. ಓಟ್ಸ್ ಅದಕ್ಕಿಂತ್ಲೂ ಸ್ವಲ್ಪ ಮೇಲೇನೇ. ಅಂದ್ಮೇಲೆ ಮುದ್ದೆಯಿಂದ ಚಪಾತಿಗೆ ಬಂದ್ರೆ ಏನೂ ಉಳಿಯಲ್ಲ, ಚಪಾತಿಗೆ ಸವರೋ ಎಣ್ಣೆ ಸೇರಿ ಜಾಸ್ತಿನೇ ಆಗುತ್ತೆ. ಜೊತೆಗೆ 100 ಗ್ರಾಂ ರಾಗೀಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಕೊಡೋ ಅಮ್ಮನ ಮೂಳೆಗೆ ಅದು ಬೇಕು. ಮುದ್ದೆ ಬಿಡ್ಬೇಡಿ, ಸೈಜ್ ಸ್ವಲ್ಪ ಚಿಕ್ಕದು ಮಾಡಿ, ಪಕ್ಕದಲ್ಲಿ ಕಾಳು ಜಾಸ್ತಿ ಮಾಡಿ.

ಯಾಕಂದ್ರೆ ನಮ್ ಊಟದಲ್ಲಿ ಕೊರತೆ ಇರೋದು ಪ್ರೋಟೀನ್‌ದು. 55 ಕೆಜಿ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು, ಹಾಲು ಕೊಡೋ ಮೊದಲ ಆರು ತಿಂಗ್ಳು ಅದಕ್ಕೆ ಇನ್ನೂ 17 ಗ್ರಾಂ ಸೇರಿಸಿ, 63 ಆಯ್ತು. ಮುದ್ದೆಗೆ 7, ಅರ್ಧ ಪಾವು ಅಕ್ಕಿಯ ಅನ್ನಕ್ಕೆ 8-10, ಹುರಳಿಕಾಳು ಬಸ್ಸಾರಲ್ಲಿ 40 ಗ್ರಾಂ ಕಾಳು ಹಾಕಿದ್ರೆ 9, ಎರಡು ಮೊಟ್ಟೆಗೆ 12, ಒಂದು ಲೋಟ ಹಾಲು ಮತ್ತೆ ಒಂದು ಬಟ್ಲು ಮೊಸರಿಗೆ 10, ಒಂದು ಹಿಡಿ ಕಡ್ಲೆಕಾಯಿ ಬೀಜಕ್ಕೆ 7. ಇಷ್ಟೆಲ್ಲಾ ಸೇರಿದ್ರೂ ಇನ್ನೊಂದು ಹೊತ್ತು ಕಾಳು ಬೇಕೇ ಬೇಕು. ಬಸ್ಸಾರಲ್ಲಿ ಕಟ್ಟು ಮಾತ್ರ ಹಾಕ್ಕೊಂಡು ಪಲ್ಯನ ಗಂಡ ಮಕ್ಕಳಿಗೆ ಬಿಡೋ ಅಭ್ಯಾಸ ನಮ್ ಹೆಂಗಸರಿಗಿದೆ, ಕಾಳೆಲ್ಲಾ ಪಲ್ಯದಲ್ಲಿರುತ್ತೆ, ನಿಮ್ ತಟ್ಟೆಗೂ ಹಾಕ್ಕೊಳ್ಳಿ. ಮೊಟ್ಟೆ ತಿನ್ನದ ಮನೆಯವ್ರು 30 ಗ್ರಾಂ ಸೋಯಾ ಚಂಕ್ಸ್ ಬೇಯ್ಸಿದ್ರೆ 15 ಗ್ರಾಂ ಸಿಗುತ್ತೆ, ಅವರೆಕಾಳಿನ ಸೀಸನ್ ಬಂದ್ರೆ ಕೇಳೋದೇ ಬೇಡ.

ಉಪವಾಸ, ಹದಿನಾರು ಗಂಟೆ ಏನೂ ತಿನ್ನದಿರೋದು, ರಾತ್ರಿ ಊಟ ಬಿಡೋದು, ಹಾಲು ಕೊಡ್ತಿರೋವಾಗ ಬೇಡ. ಮೊದಲ ಆರು ತಿಂಗ್ಳು ಹಾಲಿಗೆ ಅಂತಾನೇ ದಿನಕ್ಕೆ 600 ಕ್ಯಾಲೊರಿ, ಆಮೇಲಿನ ಆರು ತಿಂಗ್ಳು 520 ಜಾಸ್ತಿ ಬೇಕು ಅಂತ ನಮ್ ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2020ರ ಲೆಕ್ಕ. ಇದ್ರಲ್ಲಿ ಒಂದು ಭಾಗ ಮೈಯಲ್ಲಿ ಕೂಡಿಟ್ಟ ಕೊಬ್ಬಿಂದ್ಲೇ ಹೋಗುತ್ತೆ, ಹಾಗಾಗಿ ಹಾಲು ಸರಿಯಾಗಿ ಹೊಂದ್ಕೊಂಡ್ಮೇಲೆ, ಅಂದ್ರೆ ಎರಡು ತಿಂಗ್ಳ ನಂತ್ರ, ವಾರಕ್ಕೆ ಅರ್ಧ ಕೆಜಿ ತನಕ ಇಳಿದ್ರೆ ಮಗುಗೆ ತೊಂದ್ರೆ ಇಲ್ಲ. ಅದಕ್ಕಿಂತ ಜೋರಾಗಿ ಇಳಿಸೋಕೆ ಹೋಗ್ಬೇಡಿ.

ಅಂಟಿನುಂಡೆ, ತುಪ್ಪ, ತಿಪಟೂರು ಕೊಬ್ಬರಿ ಎಲ್ಲಾ ಬಾಣಂತನದ ಮೊದಲ ತಿಂಗ್ಳುಗಳಿಗೆ ಹೇಳಿ ಮಾಡ್ಸಿದ್ದು, ಆಗ ಮೈಗೆ ಬೇಕು, ಅಮ್ಮ ಪ್ರೀತಿಯಿಂದ ಮಾಡಿರ್ತಾರೆ, ತಿನ್ನಿ. ಗಂಡನ ಮನೆಗೆ ಬಂದು ಎಂಟು ತಿಂಗ್ಳಾದ್ರೂ ಡಬ್ಬಿ ತುಂಬ್ಸಿ ಕಳ್ಸೋದು, ದಿನಾ ಕಾಫಿ ಜೊತೆ ಎರಡು ಉಂಡೆ, ಅದು ನಿಲ್ಲಿಸ್ಬೇಕಾದ್ದು. ಬಾಣಂತಿಗೆ ನೀರು ಕಮ್ಮಿ ಕೊಡ್ಬೇಕು ಅನ್ನೋದನ್ನ ಮಾತ್ರ ಮೊದಲ ದಿನದಿಂದ್ಲೂ ಕೇಳ್ಬೇಡಿ, ಬಾಯಾರಿದಾಗೆಲ್ಲಾ ಕುಡೀರಿ.

ಮಾರಾಟಕ್ಕೆ ಬರೋ ಮಿಕ್ಕಿದ್ದೆಲ್ಲಾ

ಹೊಟ್ಟೆಗೆ ಕಟ್ಟೋ ಬೆಲ್ಟು, ಅಜ್ಜಿ ಸುತ್ತೋ ಬಟ್ಟೆ ಎರಡೂ ಬೆನ್ನಿಗೆ, ಆಪರೇಷನ್ ಹೊಲಿಗೆಗೆ ಆಸರೆ ಕೊಡುತ್ತೆ, ಎದ್ದು ಓಡಾಡೋಕೆ ಧೈರ್ಯ ಬರುತ್ತೆ, ಕೊಬ್ಬು ಕರಗ್ಸಲ್ಲ. ತುಂಬಾ ಬಿಗಿಯಾಗಿ ಕಟ್ಟಿದ್ರೆ ಒತ್ತಡ ಕೆಳಗೆ ಹೋಗಿ ಗರ್ಭಕೋಶ ಜಾರೋ ತೊಂದ್ರೆ ಇರೋರಿಗೆ ಕೆಟ್ಟದ್ದು. ಸ್ಲಿಮ್ಮಿಂಗ್ ಟೀಗಳಲ್ಲಿ ಹೆಚ್ಚಿನವು ಭೇದಿ ಮಾಡ್ಸೋ ಸೊಪ್ಪಿನವು, ಇಳಿಯೋದು ನೀರು, ಹಾಲು ಕೊಡೋರಿಗೆ ಬೇಡವೇ ಬೇಡ. ಪೌಡರ್ ಮಾರೋರು ಊಟದ ಬದ್ಲು ಕುಡೀರಿ ಅಂತಾರೆ, ನಿಲ್ಲಿಸಿದ ದಿನದಿಂದ ತೂಕ ವಾಪಸ್. 2025ರಿಂದ ನಮ್ ದೇಶದಲ್ಲೂ ಸಿಗ್ತಿರೋ ತೂಕ ಇಳ್ಸೋ ವಾರದ ಇಂಜೆಕ್ಷನ್ ಡಾಕ್ಟರ್ ಬರ್ಕೊಟ್ಟು ನೋಡ್ಕೊಳ್ಳೋ ಔಷಧಿ, ಹಾಲು ಕೊಡೋವಾಗ, ಇನ್ನೊಂದು ಮಗು ಬೇಕು ಅಂತ ಇರೋವಾಗ ತಗೊಳ್ಳೋ ಹಾಗಿಲ್ಲ.

ಯಾರಿಗೆ ಯಾವುದು

ಮಗುಗೆ ಆರು ತಿಂಗ್ಳು ಒಳಗಿದ್ರೆ: ಟೇಪು, ಕೆಳಗಿನ ಸ್ನಾಯು ಬಿಗಿ ಹಿಡಿಯೋ ವ್ಯಾಯಾಮ, ವಾಕಿಂಗು, ಮನೇಲಿ ಬಾಟಲ್ ವ್ಯಾಯಾಮ, ಊಟ ಹೊಟ್ಟೆ ತುಂಬಾ. ಪರ್ಸೆಂಟ್ ಚಿಂತೆ ಬೇಡ.

ಬೆಂಗಳೂರಿಗೆ ದಿನಾ ಟ್ರೇನಲ್ಲಿ ಓಡಾಡೋ ಅಮ್ಮಂದಿರು ಬೆಳಗ್ಗೆ ಕತ್ಲಲ್ಲೇ ಹೊರಟು ರಾತ್ರಿ ಬರ್ತಾರೆ, ಇವ್ರಿಗೆ ಜಿಮ್ಮು ಅಮಾನಿಕೆರೆ ಎರಡೂ ಆಗದ ಮಾತು. ಸ್ಟೇಷನ್ ಕಡೆಯಿಂದ ನಡ್ಕೊಂಡು ಬರೋದನ್ನೇ ವಾಕಿಂಗ್ ಮಾಡ್ಕೊಳ್ಳಿ, ಬ್ಯಾಂಡ್ ವ್ಯಾಯಾಮ ಶನಿವಾರ ಭಾನುವಾರ ಮತ್ತೆ ವಾರದ ಮಧ್ಯೆ ಒಂದು ದಿನ. ಡಬ್ಬಿಗೆ ಚಿತ್ರಾನ್ನ ಒಂದೇ ತಗೊಂಡು ಹೋಗೋ ಬದ್ಲು ಪಕ್ಕದಲ್ಲಿ ಮೊಳಕೆ ಕಾಳು ಉಸ್ಲಿ ಹಾಕ್ಕೊಳ್ಳಿ. ನಿದ್ದೆ ಐದು ಗಂಟೆಗಿಂತ ಕಮ್ಮಿ ಆದ ದಿನ ವ್ಯಾಯಾಮ ಬಿಟ್ಟು ಮಲಗಿದ್ರೂ ನಡೆಯುತ್ತೆ, ನಿದ್ದೆ ಕೆಟ್ಟ ಮೈಗೆ ಸಿಹಿ, ಕರಿದಿದ್ದು ಎರಡ್ರ ಮೇಲೂ ಆಸೆ ಜಾಸ್ತಿ.

ಮಕ್ಕಳು ಸ್ಕೂಲಿಗೆ ಹೋಗ್ತಿದ್ದು, ಸೊಂಟ ಎತ್ತರದ ಅರ್ಧಕ್ಕಿಂತ ಜಾಸ್ತಿ ಇದ್ರೆ ಜಿಮ್ ಸೇರೋಕೆ ಇದೇ ಸರಿಯಾದ ಟೈಮು, ಬೆಳಗ್ಗೆ ಸ್ಕೂಲ್ ವ್ಯಾನ್ ಹೋದ್ಮೇಲಿನ ಹೊತ್ತು ನಿಮ್ದು. ವಯಸ್ಸು 30 ದಾಟಿದ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ ಶುಗರ್ ನೋಡ್ತಾರೆ, ಮಾಡಿಸ್ಕೊಂಡು ಬನ್ನಿ. ಇನ್ನೊಂದು ಮಗು ಬೇಕು ಅಂತಿರೋರು ಮೊದಲ ಬಸುರಲ್ಲಿ ಏರಿದ ತಮ್ಮ ತೂಕ ಇಳಿಸ್ಕೊಂಡು ಆಮೇಲೆ ಯೋಚ್ನೆ ಮಾಡಿದ್ರೆ ಮುಂದಿನ ಬಸುರಲ್ಲಿ ಶುಗರ್, ಬಿಪಿ ಬರೋ ಅಪಾಯ ಕಮ್ಮಿ ಆಗುತ್ತೆ.

ಟೇಪ್ ಮನೇಲಿ ಇದ್ದೇ ಇರುತ್ತಲ್ಲ, ಗಂಡನ ಹೊಟ್ಟೇನೂ ಅಳೀರಿ. ಮಕ್ಕಳಾದ್ಮೇಲೆ ಅವ್ರ ಹೊಟ್ಟೇನೂ ಬೆಳೆಯುತ್ತೆ, ಯಾರೂ ಕೇಳಲ್ಲ ಅಷ್ಟೇ. 90 ದಾಟಿದ್ರೆ ಕಾಳು ಪಲ್ಯ, ಚಿಕ್ಕ ಮುದ್ದೆ, ಅರ್ಧ ಗಂಟೆ ನಡಿಗೆ ಇಬ್ರಿಗೂ ಒಟ್ಟಿಗೆ ಶುರು ಮಾಡಿ, ಒಬ್ರಿಗೆ ಬೇರೆ ಅಡ್ಗೆ ಮಾಡೋ ಕೆಲ್ಸನೂ ತಪ್ಪುತ್ತೆ. ಅಳತೆಗಳನ್ನ ತಾರೀಖು ಹಾಕಿ ಒಂದು ಕಡೆ ಬರೆದಿಡಿ, ತಿಂಗ್ಳಿಗೊಂದ್ಸಲ ಸಾಕು, ಮೂರು ತಿಂಗ್ಳಾದ್ರೂ ಸೊಂಟ ಒಂದು ಸೆಂಟಿಮೀಟರೂ ಇಳೀಲಿಲ್ಲ ಅಂದ್ರೆ ಆ ಚೀಟಿ ತಗೊಂಡು ಡಾಕ್ಟರ್ ಹತ್ರ ಹೋಗಿ ಥೈರಾಯ್ಡ್, ಶುಗರ್ ಇನ್ನೊಂದ್ಸಲ ನೋಡಿಸಿ.